ಛಾಯಾಭೇದ ನಿರ್ಣಯ: ಬ್ಯಾಡರಹಳ್ಳಿ ಪ್ರಸ್ಥಾನ

ಉಪೋದ್ಘಾತ

ಶಾಸ್ತ್ರಗ್ರಂಥ ಅನ್ನಿಸಿಕೊಳ್ಳಬೇಕಾದರೆ ನಾಲ್ಕು ಸಂಗತಿ ಮೊದಲೇ ಇತ್ಯರ್ಥವಾಗಬೇಕು ಎಂಬುದು ಹಿಂದಿನವರ ಕಟ್ಟಳೆ: ವಿಷಯ ಯಾವುದು, ಪ್ರಯೋಜನವೇನು, ಅವುಗಳ ಸಂಬಂಧವೇನು, ಓದಲು ಅಧಿಕಾರಿ ಯಾರು. ಅದರಂತೆ ಹೇಳುತ್ತೇನೆ. ವಿಷಯ: ಬೆಂಗಳೂರಿನ ಪಶ್ಚಿಮದ ಬ್ಯಾಡರಹಳ್ಳಿಯ ತಾರಸಿಗಳಿಂದ ಕಾಲಕಾಲಕ್ಕೆ ತೆಗೆಯಲಾಗುವ ಸಾವನದುರ್ಗ ಬೆಟ್ಟದ ಫೋಟೊಗಳು, ಅದೇ ದಿಕ್ಕಿನ ನೀರಂಚಿನ ಫೋಟೊಗಳು. ಪ್ರಯೋಜನ: ಫೋನಿನಲ್ಲಿ ಜಾಗ ತುಂಬಿದಾಗ ಯಾವುದನ್ನು ಅಳಿಸಬೇಕು, ಯಾವುದನ್ನು ಅಳಿಸಕೂಡದು ಎಂಬ ವಿವೇಕ. ಸಂಬಂಧ: ಮಾಗಡಿ ರಸ್ತೆ. ಅಧಿಕಾರಿ: ತಾರಸಿಯ ಬೀಗದ ಕೈ ಉಳ್ಳವನು. ಬಾಡಿಗೆಗಿರುವವರು ಮಾಲೀಕರ ಅನುಗ್ರಹದಿಂದ ಅಧಿಕಾರ ಸಂಪಾದಿಸತಕ್ಕದ್ದು.

ಪೂರ್ವಾಚಾರ್ಯರನ್ನು ನೆನೆಯದೆ ಮುಂದಕ್ಕೆ ಹೋಗುವಂತಿಲ್ಲ. ಜಪಾನಿನ ಹೊಕುಸಾಯಿ 1830ರ ಆಚೀಚೆ ಫ್ಯೂಜಿ ಪರ್ವತದ ಮೂವತ್ತಾರು ನೋಟಗಳೆಂಬ ಮುದ್ರಣಮಾಲೆ ತಂದ. ಜನ ಮುಗಿಬಿದ್ದು ಕೊಂಡರು, ಇನ್ನೂ ಹತ್ತು ಸೇರಿಸಿದ, ಹೆಸರನ್ನು ಮಾತ್ರ ಬದಲಿಸಲಿಲ್ಲ. ಮೂವತ್ತಾರು ಎಂದು ಹೇಳಿ ನಲವತ್ತಾರು ಕೊಟ್ಟವನನ್ನು ಲೋಕ ಇಂದಿಗೂ ಕೊಂಡಾಡುತ್ತದೆ ಎಂದಮೇಲೆ ವರ್ಗೀಕರಣ ಮಾಡಲು ಹೊರಟವರಿಗೆ ಇದಕ್ಕಿಂತ ದೊಡ್ಡ ಅಭಯ ಬೇಕೆ? ಅವನ ಅತಿ ಪ್ರಸಿದ್ಧ ಚಿತ್ರದಲ್ಲಿ ಎದುರಿಗೆ ದೈತ್ಯ ಅಲೆ, ಅದರ ಸಂದಿಯಲ್ಲಿ ಎಲ್ಲೋ ಹಿಂದೆ ಪುಟ್ಟದೊಂದು ಫ್ಯೂಜಿ. ಬ್ಯಾಡರಹಳ್ಳಿ ಪ್ರಸ್ಥಾನದ ಮೂಲಸೂತ್ರವೂ ಅದೇ. ಅಲೆಯ ಜಾಗದಲ್ಲಿ ಸಿಂಟೆಕ್ಸ್ ಟ್ಯಾಂಕು ಎಂಬುದಷ್ಟೇ ಭೇದ.

ನಮ್ಮ ಬೆಟ್ಟಕ್ಕೂ ಆಚಾರ್ಯರುಂಟು. ಮೂರನೆಯ ಮೈಸೂರು ಯುದ್ಧದಲ್ಲಿ, 1791ರ ಡಿಸೆಂಬರಿನಲ್ಲಿ, ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ಕೈಯಿಂದ ಸಾವನದುರ್ಗವನ್ನು ಕಸಿದುಕೊಂಡಿತು. ಆ ಸೈನ್ಯದ ಜೊತೆಗಿದ್ದ ಚಿತ್ರಕಾರ ರಾಬರ್ಟ್ ಹೋಮ್ ಬೆಟ್ಟವನ್ನು ಬರೆದ. 1794ರಲ್ಲಿ ಮೈಸೂರು ಸೀಮೆಯ ಆಯ್ದ ನೋಟಗಳ ಪುಸ್ತಕ ಹೊರಬಂತು. ಮೋಜಣಿ ಬಲ್ಲ ಕೋಲ್‌ಬ್ರೂಕ್ ಕೂಡ ಅದೇ ಕಾಲಕ್ಕೆ ಹನ್ನೆರಡು ನೋಟಗಳ ಸಂಪುಟ ತಂದ. ಅವರ ಚಿತ್ರಗಳಲ್ಲಿ ಬಂಡೆ ಇದ್ದದ್ದಕ್ಕಿಂತ ಒಂದಿಷ್ಟು ಕಡಿದಾಗಿದೆ ಎಂದು ನನ್ನ ಗುಮಾನಿ. ಗೆದ್ದವರು ಬರೆಸಿದ ಕೋಟೆ ಕುಳ್ಳಗಿರಲು ಹೇಗೆ ಸಾಧ್ಯ? ಅವರು ಬಂದದ್ದು ಡಿಸೆಂಬರಿನಲ್ಲಿ ಎಂಬುದನ್ನು ಓದುಗರು ನೆನಪಿಡಬೇಕು, ಕಾಲ ಪ್ರಕರಣದಲ್ಲಿ ಬೇಕಾಗುತ್ತದೆ. ಮುಂದೆ 1984ರಲ್ಲಿ ಡೇವಿಡ್ ಲೀನ್ ತನ್ನ ಸಿನಿಮಾದಲ್ಲಿ ಇದೇ ಬೆಟ್ಟವನ್ನು ಮರಾಬಾರ್ ಗುಹೆಗಳ ಬೆಟ್ಟವೆಂದು ತೋರಿಸಿದ. ಅದಕ್ಕೂ ಮೊದಲು, 1975ರಲ್ಲಿ, ಪಕ್ಕದ ರಾಮದೇವರ ಬೆಟ್ಟ ಶೋಲೆಯ ರಾಮಗಢವಾಗಿತ್ತು. ಬೆಟ್ಟ ಬೇರೆಯವರ ಹೆಸರಿನಲ್ಲಿ ಫೋಟೊಕ್ಕೆ ನಿಲ್ಲುವುದನ್ನು ವೇಷಧಾರಿ ವರ್ಗ ಎನ್ನಬಹುದು. ಅದರಲ್ಲಿ ನಮಗೆ ಆಸಕ್ತಿಯಿಲ್ಲ.

ಲಕ್ಷಣ ಪ್ರಕರಣ

ಬೆಟ್ಟದ ಫೋಟೊ ಎಂದರೇನು? ಯಾವುದರಲ್ಲಿ ಬೆಟ್ಟ ಕಾಣುತ್ತದೋ ಅದು ಎಂದುಬಿಟ್ಟರೆ ಮುಗಿಯಲಿಲ್ಲ. ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂದು ನೈಯಾಯಿಕರು ಮೂರು ದೋಷ ಹೇಳಿದ್ದಾರೆ. ಅವ್ಯಾಪ್ತಿ ಮೊದಲ ಏಟಿಗೇ ತಗಲುತ್ತದೆ, ಏಕೆಂದರೆ ಬ್ಯಾಡರಹಳ್ಳಿಯಲ್ಲಿ ತೆಗೆದ ಬೆಟ್ಟದ ಫೋಟೊಗಳಲ್ಲಿ ಮುಕ್ಕಾಲು ಪಾಲಿನಲ್ಲಿ ಬೆಟ್ಟವೇ ಕಾಣುವುದಿಲ್ಲ. ತೆಗೆದವನು ಪರದೆಯ ಮೇಲೆ ಬೆರಳಿಟ್ಟು, "ಇಲ್ಲೇ ನೋಡಿ, ಈ ಟ್ಯಾಂಕಿನ ಬಲಕ್ಕೆ, ಸ್ವಲ್ಪ ದೊಡ್ಡದು ಮಾಡಿ" ಎನ್ನುತ್ತಾನೆ. ನೋಡುವವರು ಮರ್ಯಾದೆಗೆ "ಹೌದಲ್ವಾ" ಎನ್ನುತ್ತಾರೆ. ಅತಿವ್ಯಾಪ್ತಿಯೂ ಇದೆ: ಕಟ್ಟುತ್ತಿರುವ ಮನೆಯ ಮುಂದೆ ಸುರಿದ ಎಂ-ಸ್ಯಾಂಡ್ ರಾಶಿಯನ್ನು ಮಂಡಿಯೂರಿ ತೆಗೆದರೆ ಅಚ್ಚುಕಟ್ಟಾದ ಬೆಟ್ಟ ಬರುತ್ತದೆ, ಲಕ್ಷಣ ಅದಕ್ಕೂ ಒಪ್ಪಿಬಿಡುತ್ತದೆ. ಅಸಂಭವಕ್ಕೆ ಮಾರ್ಚ್ ತಿಂಗಳ ಮಧ್ಯಾಹ್ನವೇ ಉದಾಹರಣೆ.

ಇಷ್ಟು ಗೊಂದಲ ಏಕೆ ಎಂಬುದು ಅಳತೆ ನೋಡಿದರೆ ತಿಳಿಯುತ್ತದೆ. ನೇರ ಗೆರೆ ಎಳೆದರೆ ಬ್ಯಾಡರಹಳ್ಳಿಯಿಂದ ಸಾವನದುರ್ಗ ಸುಮಾರು 21 ಕಿಲೋಮೀಟರ್. ಮಾಗಡಿಯ ಮೇಲೆ ಹೋದರೆ ರಸ್ತೆ ಅದರ ದುಪ್ಪಟ್ಟು. ಬೆಟ್ಟದ ಎತ್ತರ ಸಮುದ್ರಮಟ್ಟದಿಂದ 1226 ಮೀಟರ್ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಆದರೆ ಬೆಂಗಳೂರು ತಾನೇ ಸುಮಾರು 900 ಮೀಟರ್ ಮೇಲೆ ಕೂತಿದೆ. ಹಾಗಾಗಿ ನಮ್ಮ ಲೆಕ್ಕಕ್ಕೆ ಸಿಗುವುದು ಮುನ್ನೂರು ಚಿಲ್ಲರೆ ಮೀಟರ್ ಮಾತ್ರ, ಅದೂ 21 ಕಿಲೋಮೀಟರ್ ಆಚೆ. ಕೋನದಲ್ಲಿ ಹೇಳುವುದಾದರೆ ಒಂದು ಡಿಗ್ರಿಗೂ ಕಡಿಮೆ. ತೋಳು ಉದ್ದಕ್ಕೆ ಚಾಚಿ ಕಿರುಬೆರಳನ್ನು ಅಡ್ಡ ಹಿಡಿದರೆ ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲೊಂದೆಂದು ಹೆಸರಾದದ್ದು ಪೂರ್ತಿ ಮುಚ್ಚಿಹೋಗುತ್ತದೆ.

ತರ್ಕಶಾಸ್ತ್ರದ ಪಾಠ ಶುರುವಾಗುವುದೇ ಹೊಗೆಯಾಡುವ ಬೆಟ್ಟದಿಂದ. ಬೆಟ್ಟ ಕಣ್ಣೆದುರಿಗಿದೆ, ಅದರ ಮೇಲೆ ಹೊಗೆ ಇದೆ, ಆದ್ದರಿಂದ ಬೆಂಕಿ ಇರಲೇಬೇಕು. ಪಾಪ, ಆ ಪಾಠ ಕಟ್ಟಿದವರ ಊರಿನಲ್ಲಿ ಬೆಟ್ಟಕ್ಕೆ ಬರವಿರಲಿಲ್ಲ. ನಮ್ಮಲ್ಲಿ ಹೊಗೆ ಪ್ರತ್ಯಕ್ಷ, ಖಾಲಿ ಸೈಟಿನ ಮೂಲೆಯಲ್ಲಿ ಉರಿಯುವ ಕಸದ ಬೆಂಕಿಯೂ ಪ್ರತ್ಯಕ್ಷ; ಅನುಮಾನ ಪ್ರಮಾಣದಿಂದ ಸಾಧಿಸಬೇಕಾದದ್ದು ಬೆಟ್ಟವನ್ನು. ಅನುಮಾನವೂ ಕೈಕೊಟ್ಟ ದಿನ ಅನುಪಲಬ್ಧಿಯ ಮೊರೆ ಹೋಗಬೇಕು. ಇರಬೇಕಾದ ಜಾಗದಲ್ಲಿ ವಸ್ತು ಇಲ್ಲ ಎಂದು ತಿಳಿಯುವುದೂ ಒಂದು ಪ್ರಮಾಣವೆಂದು ಭಾಟ್ಟ ಮೀಮಾಂಸಕರು, ಅದ್ವೈತಿಗಳು ಒಪ್ಪಿದ್ದಾರೆ. ಬೆಂಗಳೂರಿನ ಪಶ್ಚಿಮ ಭಾಗಕ್ಕೆ ಇವರಿಗಿಂತ ಹತ್ತಿರದ ದಾರ್ಶನಿಕರು ಇಲ್ಲ.

ಈ ಮೂರು ಪ್ರಮಾಣಗಳಿಂದಲೇ ನಮ್ಮ ಮೂರು ಮಹಾವರ್ಗಗಳು: ದೃಷ್ಟ, ಊಹಿತ, ಅನುಪಲಬ್ಧ. ಮೊದಲನೆಯದನ್ನು ಜನ ಸ್ಟೇಟಸ್‌ಗೆ ಹಾಕುತ್ತಾರೆ, ಎರಡನೆಯದನ್ನು ಎಡಿಟ್ ಮಾಡಿ ಹಾಕುತ್ತಾರೆ, ಮೂರನೆಯದನ್ನು ಅಳಿಸುತ್ತಾರೆ. ಅಳಿಸುವುದು ಅನ್ಯಾಯ ಎಂಬುದೇ ಈ ಗ್ರಂಥದ ಸಿದ್ಧಾಂತ. ಸಾವನದುರ್ಗದ ಕಲ್ಲಿಗೆ ಸುಮಾರು 250 ಕೋಟಿ ವರ್ಷ. ಅದು ಕ್ಲೋಸ್‌ಪೇಟೆ ಗ್ರಾನೈಟ್, ರಾಮನಗರಕ್ಕೆ ಹಿಂದೆ ಇದ್ದ ಹೆಸರೇ ಆ ಶಿಲೆಗೂ ಬಂದದ್ದು. ಅಂಥ ಕಲ್ಲು ಯುಗಾದಿಗೊಂದು ರೂಪ, ದೀಪಾವಳಿಗೊಂದು ರೂಪ ತಾಳುವುದಿಲ್ಲ. ಬದಲಾಗುವುದು ನಡುವಿನ 21 ಕಿಲೋಮೀಟರ್ ಗಾಳಿ. ಬೆಟ್ಟ ಮಾಯವಾದ ದಿನದ ಚಿತ್ರದಲ್ಲಿ ಇರುವುದೆಲ್ಲ ಆ ಗಾಳಿಯೇ.

ನೀರಂಚಿನ ವಿಚಾರ

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ: ಬೆಟ್ಟವಾದರೂ ಕಿರುಬೆರಳಿನಷ್ಟಿದೆ, ಕಡಲ ತೀರ ಎಲ್ಲಿಂದ ತರುತ್ತೀರಿ? ಕಾರವಾರದಲ್ಲಾದರೆ ಗುಡ್ಡವೇ ಕಡಲಿಗೆ ಕಾಲಿಳಿಬಿಟ್ಟಿದೆ. 1343 ಮೀಟರಿನ ಕೊಡಚಾದ್ರಿಯ ತುದಿಯಲ್ಲಿ ನಿಂತರೆ ತಿಳಿಯಾದ ದಿನ ಅರಬ್ಬೀ ಸಮುದ್ರವೇ ಕಾಣುತ್ತದೆ. ಬ್ಯಾಡರಹಳ್ಳಿಗೆ ಸಮುದ್ರ 900 ಮೀಟರ್ ಕೆಳಗೆ, ಒಂದು ರಾತ್ರಿಯ ಬಸ್ಸಿನ ದೂರದಲ್ಲಿದೆ.

ಉತ್ತರ: ನೆಲ ಮುಗಿದು ನೀರು ಶುರುವಾಗುವ ಗೆರೆ, ಕಾಲಕ್ಕೆ ತಕ್ಕಂತೆ ಸರಿಯುವಂಥದ್ದು, ಇದೇ ತೀರದ ಲಕ್ಷಣ. ಉಪ್ಪು ಲಕ್ಷಣದಲ್ಲಿ ಸೇರಿಲ್ಲ. ಸರಿಯುವುದರಲ್ಲಿ ನಮ್ಮ ತೀರ ಕಡಲನ್ನೂ ಮೀರಿಸುತ್ತದೆ. ಮಂಗಳೂರಿನ ಬಳಿಯ ಉಳ್ಳಾಲದಲ್ಲಿ (ನಮ್ಮ ಪಕ್ಕದ ಉಲ್ಲಾಳವಲ್ಲ) ಮಳೆಗಾಲದ ಕಡಲ್ಕೊರೆತ ಕೆಲವು ಮನೆ, ತೆಂಗಿನಮರಗಳನ್ನು ನುಂಗಿದರೆ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ತಿಪ್ಪಗೊಂಡನಹಳ್ಳಿ ಜಲಾಶಯದ ಅಂಚು ಒಳ್ಳೆಯ ಮಳೆಗಾಲಕ್ಕೂ ಕೆಟ್ಟ ಬೇಸಿಗೆಗೂ ನಡುವೆ ಎಷ್ಟು ದೂರ ಅಲೆದರೂ ಯಾರೂ ಕೇಳುವುದಿಲ್ಲ.

ಆ ಜಲಾಶಯ ಬೆಂಗಳೂರಿಗೆ ನೀರು ಕೊಡಲೆಂದು 1933ರಲ್ಲಿ ಸಿದ್ಧವಾದದ್ದು. ನಂದಿಬೆಟ್ಟದ ಕಡೆಯಿಂದ ಬರುವ ಅರ್ಕಾವತಿ, ಶಿವಗಂಗೆಯ ಕಡೆಯಿಂದ ಬರುವ ಕುಮುದ್ವತಿ ಎರಡೂ ಕೂಡುವ ಜಾಗ ಅದು. ತುಂಬಿದರೆ 74 ಅಡಿ. ಅಲ್ಲಿಂದ ಇಳಿದ ಅರ್ಕಾವತಿ ಸಾವನದುರ್ಗದ ಮಗ್ಗುಲಲ್ಲೇ ಹಾದು ಮಂಚನಬೆಲೆ ಅಣೆಕಟ್ಟಿನಲ್ಲಿ ಮತ್ತೆ ನಿಲ್ಲುತ್ತದೆ, ಆಮೇಲೆ ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ, ಕಾವೇರಿ ಬಂಗಾಳ ಕೊಲ್ಲಿಗೆ. ಬ್ಯಾಡರಹಳ್ಳಿಯ ಮಳೆನೀರು ನೇರ ಅರ್ಕಾವತಿಗೆ ಇಳಿದರೂ ವೃಷಭಾವತಿಯ ಕಡೆಗೆ ಹರಿದರೂ ಕೊನೆಗೆ ಅದೇ ದಾರಿ. ನಮ್ಮ ತಾರಸಿಯ ಪೈಪಿನಿಂದ ಸುರಿಯುವುದೂ ಹೀಗೆ ಸಮುದ್ರದ ಮೇಲ್ತುದಿಯೇ ಎಂದು ಸಾಧಿಸಬಹುದು. ಪೂರ್ವಪಕ್ಷಿ ಇಷ್ಟಕ್ಕೆ ಕೂತುಕೊಳ್ಳುತ್ತಾನೆ.

ನೀರಂಚಿನ ಚಿತ್ರಗಳಲ್ಲಿ ಮೇಲ್ಮಟ್ಟದವು ಮಂಚನಬೆಲೆಯವು. ಬೆಟ್ಟವನ್ನೂ ನೀರನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿಯಬಲ್ಲ ಜಾಗ ಅದು. ಗಾಳಿ ಏಳುವ ಮುನ್ನ, ಬೆಳಗಿನ ಏಳರ ಒಳಗೆ, ಬೆಟ್ಟ ನೀರಿನಲ್ಲಿ ತಲೆಕೆಳಗಾಗಿ ನಿಂತಿರುತ್ತದೆ. ಎಂಟಕ್ಕೆಲ್ಲ ಸುಕ್ಕು ಬಿದ್ದು ಚೂರುಚೂರು. ಮಳೆಗಾಲ ಮುಗಿದಾಗ ಹುಲ್ಲು ನೇರ ನೀರಿಗೇ ಇಳಿದಿರುತ್ತದೆ. ಏಪ್ರಿಲ್‌ಗೆ ಹೋದರೆ ಹುಲ್ಲಿಗೂ ನೀರಿಗೂ ನಡುವೆ ಬೋಳು ಮಣ್ಣಿನ ಪಟ್ಟಿ. ನೀರು ವಾರವಾರ ಇಳಿದಲ್ಲೆಲ್ಲ ಒಂದೊಂದು ಗೆರೆ ಎಳೆದಿರುತ್ತದೆ, ಮೇಲಿನದು ಬಿಳುಚಿದ ಕಂದು, ಕೆಳಗಿನದು ಇನ್ನೂ ತೇವವಾದ ಕಪ್ಪು. ಅದರ ಮೇಲೆ ದನಗಳ ಗೊರಸು, ಬೆಳ್ಳಕ್ಕಿಯ ಮೂರು ಬೆರಳು, ಯಾರದೋ ಬೈಕಿನ ಟೈರು. ಕೆಸರು ಒಣಗಿ ಬಿರಿದಾಗ ಬೈಕಿನ ಗುರುತಿನ ಅಡ್ಡಕ್ಕೇ ಬಿರುಕು ಬೀಳುತ್ತದೆ. ಇಡೀ ಬೇಸಿಗೆಯನ್ನು ಗೇಣುದ್ದದ ಜಾಗದಲ್ಲಿ ಬಗ್ಗಿ ತೆಗೆಯಬಹುದು, ಆದರೆ ಅಲ್ಲಿಗೆ ಬಂದವರೆಲ್ಲ ತಲೆ ಎತ್ತಿ ಬೆಟ್ಟವನ್ನೇ ತೆಗೆಯುತ್ತಾರೆ. ನೀರಿಗೆ ಇಳಿದು ಸೆಲ್ಫಿ ತೆಗೆಯುವವರು ಈ ಶಾಸ್ತ್ರದ ವ್ಯಾಪ್ತಿಯಲ್ಲಿಲ್ಲ. ಅಲ್ಲಿ ಮುಳುಗಿ ಸತ್ತವರಿದ್ದಾರೆ, ಅದನ್ನು ತಮಾಷೆ ಮಾಡುವ ಹಾಗಿಲ್ಲ.

ಹೇರೋಹಳ್ಳಿ ಕೆರೆಯಂಥ ಊರೊಳಗಿನ ಕೆರೆಗಳದು ಬೇರೆ ವರ್ಗ. ಬೇಲಿ, ನಡೆಯುವ ದಾರಿ, ಸಂಜೆ ಕೈ ಬೀಸುತ್ತ ಸುತ್ತುವವರು. ಅಲ್ಲಿ ತೀರ ಸರಿಯುವುದಿಲ್ಲ, ತೀರದ ಮೇಲೆ ಜನ ಸರಿಯುತ್ತಾರೆ.

ಕಾಲ ಪ್ರಕರಣ

ಆರು ಋತುಗಳ ಲೆಕ್ಕ ಮಾಗಡಿ ರಸ್ತೆಗೆ ಒಗ್ಗುವುದಿಲ್ಲ. ಹೇಮಂತ ಎಲ್ಲಿ ಮುಗಿಯಿತು, ಶಿಶಿರ ಎಲ್ಲಿ ಹಿಡಿಯಿತು ಎಂದು ಸ್ವೆಟರ್ ನೋಡಿ ಹೇಳಲಾಗದು. ವಸಂತವಂತೂ ಪೂರಾ ಧೂಳು. ರೈತರ ಮಳೆನಕ್ಷತ್ರಗಳೇ ಇಲ್ಲಿ ಕೆಲಸಕ್ಕೆ ಬರುವವು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಆ ಅವಧಿಯಲ್ಲಿ ಬಿದ್ದದ್ದು ಆ ನಕ್ಷತ್ರದ ಮಳೆ. ಫೋಟೊಗ್ರಾಫರನಿಗೆ ಬೇಕಾದ ಕಾಲಮಾನವೂ ಅಷ್ಟೇ ಸಣ್ಣದು, ಎರಡು ತಿಂಗಳ ಋತು ಅವನಿಗೆ ವಿಪರೀತ ದೊಡ್ಡ ಪಾತ್ರೆ.

ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೂರನೆಯ ವಾರದವರೆಗೆ ಹಸ್ತ, ಚಿತ್ತೆ. ದೃಷ್ಟ ವರ್ಗದ ಫೋಟೊಗಳ ಸುಗ್ಗಿ ಇದು. ಸಂಜೆ ಗುಡುಗು ಸಿಡಿಲಿನ ಜಡಿಮಳೆ, ರಾತ್ರಿ ಕರೆಂಟ್ ಇಲ್ಲ, ಬೆಳಗ್ಗೆ ಎದ್ದರೆ ಗಾಳಿ ತೊಳೆದಿಟ್ಟಿದೆ. ಆಗ ಬೆಟ್ಟದ ಎರಡು ನೆತ್ತಿಗಳಾದ ಕರಿಗುಡ್ಡ, ಬಿಳಿಗುಡ್ಡ ಬೇರೆಬೇರೆಯಾಗಿ ಕಾಣುತ್ತವೆ, ನಡುವಿನ ತಗ್ಗೂ ಕಾಣುತ್ತದೆ. ಬೆಟ್ಟ ನಮಗೆ ಪಶ್ಚಿಮದ ಕಡೆಗಿರುವುದರಿಂದ ಬೆಳಗಿನ ಬಿಸಿಲು ನೇರ ಅದರ ಮುಖಕ್ಕೆ ಬಡಿಯುತ್ತದೆ. ಬೆಳಗ್ಗೆ ಬೆಟ್ಟಕ್ಕೆ ಮುಖವಿರುತ್ತದೆ, ಸಂಜೆ ಬರೀ ಅಂಚು. ಇಷ್ಟು ತಿಳಿಯದೆ ಸಂಜೆ ಆರಕ್ಕೆ ಬಂಡೆಯ ವಿವರ ಬರಲಿಲ್ಲವೆಂದು ಲೆನ್ಸನ್ನು ಬಯ್ಯುವವರಿದ್ದಾರೆ.

ಸಂಜೆಗೆ ಅದರದೇ ಮುಹೂರ್ತವಿದೆ. ಸೂರ್ಯ ಮುಳುಗುವ ಜಾಗ ಜೂನ್‌ನಲ್ಲಿ ನೇರ ಪಶ್ಚಿಮಕ್ಕಿಂತ ಸುಮಾರು 24 ಡಿಗ್ರಿ ಉತ್ತರಕ್ಕೆ, ಡಿಸೆಂಬರಿನಲ್ಲಿ ಅಷ್ಟೇ ದಕ್ಷಿಣಕ್ಕೆ ಸರಿಯುತ್ತದೆ. ಬ್ಯಾಡರಹಳ್ಳಿಯಿಂದ ಸಾವನದುರ್ಗ ಇರುವುದು ನೇರ ಪಶ್ಚಿಮದಿಂದ ಸುಮಾರು 20 ಡಿಗ್ರಿ ದಕ್ಷಿಣಕ್ಕೆ. ಹಾಗೆಂದಮೇಲೆ ಸೂರ್ಯ ಆ ಬೆಟ್ಟದ ಬೆನ್ನಿಗೆ ಇಳಿಯುವುದು ವರ್ಷಕ್ಕೆ ಎರಡೇ ಸಲ: ವಿಶಾಖೆ ಮುಗಿದು ಅನುರಾಧ ಹಿಡಿಯುವಾಗ, ಅಂದರೆ ಹೆಚ್ಚುಕಮ್ಮಿ ನವೆಂಬರ್ ಮೂರನೆಯ ವಾರ, ಆಮೇಲೆ ಸಂಕ್ರಾಂತಿಯ ಎಳ್ಳು ಬೀರಿ ಒಂದು ವಾರ ಕಳೆದಮೇಲೆ, ಜನವರಿಯ ನಾಲ್ಕನೆಯ ವಾರದ ಆಸುಪಾಸು. ಒಂದೆರಡು ದಿನ ಆಚೀಚೆಯಾದರೆ ತಾರಸಿಯ ಮೂಲೆ ಬದಲಿಸಿಕೊಂಡರಾಯಿತು ಎಂಬ ಆಸೆ ಬೇಡ. 21 ಕಿಲೋಮೀಟರ್ ಆಚೆಯ ಬೆಟ್ಟಕ್ಕೆ ಮೂವತ್ತು ನಲವತ್ತರ ಸೈಟಿನೊಳಗಿನ ಓಡಾಟ ಗೊತ್ತೇ ಆಗುವುದಿಲ್ಲ, ನಾಲ್ಕು ಬೀದಿ ದಾಟಿ ಬೇರೆಯವರ ತಾರಸಿ ಹುಡುಕಬೇಕು.

ಆ ಹೊತ್ತಿನಲ್ಲಿ ಸೂರ್ಯಬಿಂಬ ಅರ್ಧ ಡಿಗ್ರಿ, ಬೆಟ್ಟದ ಎತ್ತರ ಒಂದು ಡಿಗ್ರಿಗೂ ಕಡಿಮೆ. ಅಂದರೆ ಒಂದರ ಮೇಲೊಂದು ಎರಡು ಸೂರ್ಯ ಇಟ್ಟರೆ ಬೆಟ್ಟವನ್ನು ಮೀರಿಬಿಡುತ್ತವೆ. ಫೋನಿನಲ್ಲಿ ತೆಗೆದರೆ ಇದೆಲ್ಲ ಒಂದು ಹಳದಿ ಚುಕ್ಕೆ. ಬಿಂಬದ ಅಗಲ ಲೆನ್ಸಿನ ಫೋಕಲ್ ಉದ್ದದ ನೂರೊಂಬತ್ತನೆಯ ಒಂದು ಪಾಲಿನಷ್ಟು ಬರುತ್ತದೆ. 300 ಮಿಲಿಮೀಟರಿನ ಲೆನ್ಸಾದರೆ ಸೆನ್ಸರಿನ ಮೇಲೆ ಎರಡೂಮುಕ್ಕಾಲು ಮಿಲಿಮೀಟರಿನ ಸೂರ್ಯ ಸಿಗುತ್ತಾನೆ, ಅಲ್ಲಿಗೆ ಮಾನ ಉಳಿಯಿತು. ಕಣ್ಣು ಬೇಕಾದವರು ವ್ಯೂಫೈಂಡರಿನಲ್ಲಿ ಇಣುಕದೆ ಪರದೆ ನೋಡಿಕೊಂಡು ತೆಗೆಯಬೇಕು.

ಡಿಸೆಂಬರ್, ಜನವರಿ ಅವರೆಕಾಯಿಯ ಕಾಲ. ಮಾಗಡಿ ಅವರೆ ಎಂದರೆ ಬೆಂಗಳೂರಿಗೆ ಬೆಂಗಳೂರೇ ಬಾಯಿ ಬಿಡುತ್ತದೆ. ಮಂಜು ಬಿದ್ದಷ್ಟೂ ಸೊಗಡು ಹೆಚ್ಚು ಎನ್ನುತ್ತಾರೆ. ಬೆಟ್ಟದ ಫೋಟೊಕ್ಕೂ ಇದೇ ಮಾತು, ಆದರೆ ಹೊತ್ತು ನೋಡಿಕೊಳ್ಳಬೇಕು. ಏಳು ಗಂಟೆಗೆ ಬೆಟ್ಟ ಪೂರ್ತಿ ಅನುಪಲಬ್ಧ, ಎಂಟೂವರೆಗೆ ಊಹಿತ, ಹತ್ತಕ್ಕೆ ದೃಷ್ಟ. ಮೂರು ಮಹಾವರ್ಗಗಳೂ ಒಂದೇ ಬೆಳಗಿನಲ್ಲಿ, ಒಂದೇ ಕಾಫಿ ಮುಗಿಯುವುದರೊಳಗೆ ಅಲ್ಲದಿದ್ದರೂ ಎರಡನೆಯದು ಮುಗಿಯುವುದರೊಳಗೆ ಸಿಗುವುದು ಈ ಕಾಲದಲ್ಲಿ ಮಾತ್ರ. ಬೆಟ್ಟದ ಮೇಲೆಯೇ ಹತ್ತಿ ನಿಂತವರಿಗೆ ಬೇರೆ ಭಾಗ್ಯ: ಅರ್ಕಾವತಿಯ ಕಣಿವೆಯ ತುಂಬ ಮಂಜು ನಿಂತು, ಸುತ್ತಲಿನ ಗುಡ್ಡಗಳು ದ್ವೀಪಗಳಾಗಿ, ಪೂರ್ವಪಕ್ಷಿ ಕೇಳಿದ ಸಮುದ್ರವೇ ಒಂದು ಗಂಟೆಯ ಮಟ್ಟಿಗೆ ಬಂದುಹೋಗುತ್ತದೆ. ಹೋಮ್ ಮತ್ತವನ ಜೊತೆಗಾರರು ಡಿಸೆಂಬರಿನಲ್ಲಿ ಬಂದದ್ದನ್ನು ನೆನಪಿಡಿ ಎಂದಿದ್ದೆನಲ್ಲ. ತೋಪು ಎಳೆಯುವ ಎತ್ತುಗಳಿಗೆ ಒಣನೆಲ ಬೇಕಿತ್ತು, ಅದಕ್ಕೆ ಆ ತಿಂಗಳು. ಚಿತ್ರಕಾರನಿಗೆ ಒಳ್ಳೆಯ ಬೆಳಕು ಪುಕ್ಕಟೆ ಸಿಕ್ಕಿತು.

ಶಿವರಾತ್ರಿಯಿಂದ ಯುಗಾದಿಯವರೆಗೆ ಶುದ್ಧ ಅನುಪಲಬ್ಧಿ. ದಿಗಂತದ ಮೇಲೆ ಬೂದಿ ಬಣ್ಣದ ಪಟ್ಟಿ, ಅದರೊಳಗೆ ಸೂರ್ಯ ಮುಳುಗುವ ಮುಂಚೆಯೇ ಕರಗಿಹೋಗುತ್ತಾನೆ. ಇದರಲ್ಲಿ ಏನೇನಿದೆ? ಹೊಲದ ಧೂಳು, ಲಾರಿಗಳ ಧೂಳು, ಒಣ ಕುರುಚಲಿಗೆ ಬಿದ್ದ ಬೆಂಕಿಯ ಹೊಗೆ, ಊರಿನ ಕಸದ ಹೊಗೆ. ಕಪ್ಪುಬಿಳುಪು ಫಿಲ್ಮಿನ ಕಾಲದವರು ಕೆಂಪು ಫಿಲ್ಟರ್ ಹಾಕಿ ದೂರದ ಮಸುಕನ್ನು ಸೀಳುತ್ತಿದ್ದರು. ತೀರ ಸಣ್ಣ ಕಣಗಳು ನೀಲಿಯನ್ನೇ ಹೆಚ್ಚು ಚದುರಿಸುವುದರಿಂದ ಆ ಉಪಾಯ ನಡೆಯುತ್ತಿತ್ತು. ಧೂಳಿನ ದಪ್ಪ ಕಣ, ಮಂಜಿನ ಹನಿ ಎಲ್ಲ ಬಣ್ಣಕ್ಕೂ ಸಮಾನ ಶತ್ರು. ಅದಕ್ಕೆ ಯಾವ ಫಿಲ್ಟರೂ ಇಲ್ಲ. ಈಗಿನ ಆ್ಯಪುಗಳಲ್ಲಿ ಮಸುಕು ತೆಗೆಯುವ ಗುಂಡಿಯೊಂದಿದೆ, ಪೂರ್ತಿ ಎಳೆದರೆ ಬೆಟ್ಟ ಬರುತ್ತದೆ, ಜೊತೆಗೆ ಆಕಾಶ ಬದನೆಕಾಯಿ ಬಣ್ಣಕ್ಕೆ ತಿರುಗುತ್ತದೆ. ಹಾಗೆ ತರಿಸಿಕೊಂಡ ಬೆಟ್ಟವನ್ನು ದೃಷ್ಟ ವರ್ಗಕ್ಕೆ ಸೇರಿಸಲು ಈ ಗ್ರಂಥ ಒಪ್ಪುವುದಿಲ್ಲ. ಬೆಟ್ಟದ ಬುಡಕ್ಕೆ ಹೋದರೆ ಇದೇ ತಿಂಗಳಲ್ಲಿ ಮುತ್ತುಗದ ಮರ ಎಲೆಯಿಲ್ಲದೆ ಕೆಂಪಗೆ ಹೂಬಿಟ್ಟಿರುತ್ತದೆ, 21 ಕಿಲೋಮೀಟರಿಗೆ ಅದರ ಸುಳಿವೂ ತಲುಪುವುದಿಲ್ಲ.

ಏಪ್ರಿಲ್ ಕೊನೆಯ ಭರಣಿ ಮಳೆಯ ಬಗ್ಗೆ ಧರಣಿಗೆಲ್ಲ ಬೆಳೆ ತರುತ್ತದೆಂಬ ಗಾದೆಯಿದೆ. ಬೆಳೆಯ ಮಾತು ರೈತರಿಗೆ ಬಿಟ್ಟದ್ದು. ಅದು ನಿಂತ ಮೇಲಿನ ಅರ್ಧ ಗಂಟೆ ಮಾತ್ರ ನಮ್ಮ ಪಾಲು: ಪೂರ್ವಕ್ಕೆ ಕಪ್ಪು ಮೋಡ, ಪಶ್ಚಿಮದಲ್ಲಿ ಬಿರುಕು ಬಿಟ್ಟ ಬೆಳಕು, ಎರಡು ತಿಂಗಳಿಂದ ತಲೆಮರೆಸಿಕೊಂಡಿದ್ದ ಬೆಟ್ಟ ದಿಢೀರನೆ ಹಾಜರು. ಆಗ ತಾರಸಿ ಒದ್ದೆ, ಮೆಟ್ಟಿಲ ಬೀಗದ ಕೈ ಮಾಲೀಕರ ಹತ್ತಿರ, ಮಾಲೀಕರು ಮದುವೆಗೆ ಹೋಗಿದ್ದಾರೆ.

ಆರಿದ್ರೆಯಿಂದ ಆಶ್ಲೇಷದವರೆಗೆ ಹೇಳುವಂಥದ್ದು ಕಡಿಮೆ. ಜಿನುಗು ಮಳೆ, ತಗ್ಗಿನ ಮೋಡ, ಲೆನ್ಸಿನೊಳಗೆ ಬೂಷ್ಟು.

ದೋಷ ಪ್ರಕರಣ

ಕಾವ್ಯದೋಷಗಳನ್ನು ಎಣಿಸಿದಷ್ಟೇ ಶ್ರದ್ಧೆಯಿಂದ ನಮ್ಮ ಫೋಟೊಗ್ರಾಫರುಗಳು ಚೌಕಟ್ಟಿನ ದೋಷಗಳನ್ನು ಎಣಿಸುತ್ತಾರೆ: ಕೇಬಲ್ ವೈರು, ಸೋಲಾರ್ ಹೀಟರು, ಮುಂದಿನ ಮಹಡಿಗೆಂದು ಬಿಟ್ಟ ಕಂಬಿ, ಒಣಹಾಕಿದ ಬಟ್ಟೆ, ಮೊಬೈಲ್ ಟವರು. ಇವನ್ನೆಲ್ಲ ಕತ್ತರಿಸಿ, ಅಳಿಸಿ, ಉಳಿದ ಚೂರಿನಲ್ಲಿ ಬೆಟ್ಟವನ್ನು ಕೂರಿಸುತ್ತಾರೆ. ಕೊನೆಗೆ ಅದು ಯಾವ ತಿಂಗಳ ಚಿತ್ರ ಎಂದು ಅವರಿಗೇ ತಿಳಿಯುವುದಿಲ್ಲ, ಏಕೆಂದರೆ ತಿಂಗಳು ಇದ್ದದ್ದು ಕತ್ತರಿಸಿದ ಭಾಗದಲ್ಲಿ.

ತಾರಸಿಯಲ್ಲಿ ಪ್ಲಾಸ್ಟಿಕ್ ಹಾಳೆಯ ಮೇಲೆ ಸಂಡಿಗೆ ಇದ್ದರೆ ಅದು ಮಾರ್ಚ್ ಅಥವಾ ಏಪ್ರಿಲ್, ಪಕ್ಕದಲ್ಲಿ ಕಾಗೆ ಕಾಯುವ ಮೊಮ್ಮಗ ಇದ್ದರೆ ಶಾಲೆಗೆ ರಜ ಬಂದಿದೆ. ವೈರಿಗೆ ಸಿಕ್ಕಿಹಾಕಿಕೊಂಡ ಹರಿದ ಗಾಳಿಪಟ ಹೊಸದಾಗಿದ್ದರೆ ಆಷಾಢ, ಬಣ್ಣ ಹೋಗಿ ಬರೀ ಕಡ್ಡಿ ಉಳಿದಿದ್ದರೆ ಆಷಾಢ ಕಳೆದು ಬಹಳ ದಿನವಾಯಿತು. ಬೀದಿ ತುದಿಯಲ್ಲಿ ಶಾಮಿಯಾನದ ನೆತ್ತಿ ಕಂಡರೆ ಗಣೇಶ. ಹಳದಿ ಕೆಂಪು ಬಾವುಟ ನವೆಂಬರಿನದು. ನಮ್ಮ ಕಡೆ ಅದನ್ನು ಇಳಿಸುವ ಅವಸರ ಯಾರಿಗೂ ಇಲ್ಲವಾದ್ದರಿಂದ ಜನವರಿಯೂ ಆಗಿರಬಹುದು, ಈ ಪ್ರಮಾಣ ದುರ್ಬಲ. ಕಿಟಕಿಯಲ್ಲಿ ಕಾಗದದ ನಕ್ಷತ್ರ ಉರಿಯುತ್ತಿದ್ದರೆ ಡಿಸೆಂಬರ್. ಕಂಬಿಗಳು ಇನ್ನೂ ಕಂಬಿಗಳಾಗಿದ್ದರೆ ಮಾಲೀಕನಿಗೆ ಲೋನ್ ಸಿಕ್ಕಿಲ್ಲ, ಗೋಡೆಯಾಗಿದ್ದರೆ ಮುಂದಿನ ವರ್ಷದಿಂದ ಆ ತಾರಸಿಗೆ ಬೆಟ್ಟವೇ ಇಲ್ಲ. ಈ ಕೊನೆಯದನ್ನು ಆತ್ಯಂತಿಕ ಅನುಪಲಬ್ಧಿ ಎಂದು ಬೇರೆಯಾಗಿ ಎಣಿಸಬೇಕು. ಅದು ಯಾವ ಮಳೆಗೂ ತೊಳೆದುಹೋಗುವುದಿಲ್ಲ.

ಒಂದು ಸಂವಾದವನ್ನು ದೃಷ್ಟಾಂತವಾಗಿ ಕೊಡುತ್ತೇನೆ. ಟ್ರೈಪಾಡ್ ನಿಲ್ಲಿಸಿ ಪಶ್ಚಿಮಕ್ಕೆ ಲೆನ್ಸ್ ತಿರುಗಿಸಿದ್ದೆ. ಎದುರು ತಾರಸಿಯಲ್ಲಿ ಬಟ್ಟೆ ತೆಗೆಯುತ್ತಿದ್ದ ಹಿರಿಯ ಹೆಂಗಸು ನಿಂತು ನೋಡಿದರು.

"ಏನ್ ಸಾರ್, ನಮ್ಮನೆ ಕಡೆ ಇಟ್ಕೊಂಡಿದ್ದೀರಲ್ಲ?"

"ಇಲ್ಲಮ್ಮ, ಬೆಟ್ಟ ತೆಗೀತಾ ಇದ್ದೀನಿ. ಸಾವನದುರ್ಗ."

ಅವರು ಹಿಂದಿರುಗಿ ನೋಡಿದರು. "ಎಲ್ಲಿದೆ? ಇಲ್ಲಿರೋದು ನಮ್ಮ ಟ್ಯಾಂಕು."

"ಟ್ಯಾಂಕಿನ ಪಕ್ಕಕ್ಕೆ, ಸ್ವಲ್ಪ ಮೇಲೆ. ಇವತ್ತು ಮಸುಕು."

"ನಾವು ಮನೆ ಕಟ್ದಾಗ ಇಲ್ಲಿಂದ್ಲೇ ಕೈ ಮುಗೀತಿದ್ವಿ, ವೀರಭದ್ರ ಸ್ವಾಮಿಗೆ" ಎಂದರು. "ಟ್ಯಾಂಕು ಬೇಕಾದ್ರೆ ತೆಗ್ಕೊಳ್ಳಿ, ಬಟ್ಟೆ ಬೇಡ."

ಬೆಟ್ಟದ ಬುಡದಲ್ಲಿ ಸಾವಂದಿ ವೀರಭದ್ರ ಸ್ವಾಮಿಯ ಗುಡಿ, ನರಸಿಂಹ ಸ್ವಾಮಿಯ ಗುಡಿ ಇವೆ. ಕ್ಯಾಮರಾ ಇಲ್ಲದೆ, ಝೂಮ್ ಇಲ್ಲದೆ ಈ ದಿಕ್ಕಿಗೆ ಮುಖ ಮಾಡುತ್ತಿದ್ದವರು ನಮಗಿಂತ ಮೊದಲೇ ಇದ್ದರು, ಅವರಿಗೆ ಮೂರು ವರ್ಗಗಳ ಹಂಗಿರಲಿಲ್ಲ. ಆ ದಿನದ ಚಿತ್ರದಲ್ಲಿ ಟ್ಯಾಂಕು ಬಂದಿದೆ, ಬೆಟ್ಟ ಊಹಿತ.

ಅಧಿಕಾರಿ ಭೇದ

ತೆಗೆಯುವವರನ್ನೂ ವಿಂಗಡಿಸಬೇಕೆಂದು ಓದುಗರು ಬಯಸುತ್ತಾರೆ, ಸಂಕ್ಷೇಪವಾಗಿ ಮುಗಿಸುತ್ತೇನೆ. ಬೆಂಗಳೂರಿಗೆ ಸಲೂನ್ ಛಾಯಾಗ್ರಹಣದ ಗಟ್ಟಿ ಪರಂಪರೆಯಿದೆ. ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರಿಂದ ನಡೆದುಬಂದಿದೆ, ಟಿ.ಎನ್.ಎ. ಪೆರುಮಾಳ್ ಅವರಂಥ ವನ್ಯಜೀವಿ ಛಾಯಾಗ್ರಾಹಕರು ಈ ಊರಿನವರೇ. ಆ ಪರಂಪರೆಯವರು ಹೆಸರಿನ ಮುಂದೆ ಇಂಗ್ಲಿಷ್ ಅಕ್ಷರಗಳ ಬಿರುದಾವಳಿ ಧರಿಸುತ್ತಾರೆ, ನಸುಕಿನ ನಾಲ್ಕಕ್ಕೆ ಏಳುತ್ತಾರೆ, ಚೌಕಟ್ಟಿನಲ್ಲಿ ವೈರು ಬಂದರೆ ಊಟ ಬಿಡುತ್ತಾರೆ. ಇವರನ್ನು ಗೌರವಿಸಬೇಕು, ಅನುಸರಿಸಬೇಕಾಗಿಲ್ಲ. ಭಾನುವಾರ ಬೆಳಗ್ಗೆ ತಾವರೆಕೆರೆಯಲ್ಲಿ ತಟ್ಟೆ ಇಡ್ಲಿ ತಿಂದು ಬೆಟ್ಟಕ್ಕೆ ಹೋಗುವ ಬೈಕಿನವರ ಚಿತ್ರದಲ್ಲಿ ಬೆಟ್ಟ ಬೈಕಿಗೆ ಹಿನ್ನೆಲೆ. ಹಕ್ಕಿಯವರು ಬಂಡೆಗಳ ನಡುವಿನ ಹಳದಿ ಕೊರಳಿನ ಪಿಕಳಾರ ಹುಡುಕಿಕೊಂಡು ಹೋಗುತ್ತಾರೆ, ಅವರ ಚಿತ್ರದಲ್ಲಿ ಬೆಟ್ಟ ಮಸುಕಾಗಿರಬೇಕೆಂಬುದೇ ನಿಯಮ.

ಎಲ್ಲಕ್ಕಿಂತ ಪ್ರತಿಭಾವಂತರು ಲೇಔಟ್ ಮಾರುವವರು. ಅವರ ಫ್ಲೆಕ್ಸಿನಲ್ಲಿ ಬೆಟ್ಟ ಸೈಟಿನ ಕಾಂಪೌಂಡಿಗೆ ಒರಗಿ ನಿಂತಿರುತ್ತದೆ, ಪಕ್ಕದಲ್ಲೊಂದು ನೀಲಿ ಸರೋವರ, ಅದರಲ್ಲಿ ಹಂಸ. ಬೆಟ್ಟವನ್ನೂ ತೀರವನ್ನೂ ಒಂದೇ ಚಿತ್ರದಲ್ಲಿ, ವರ್ಷದ ಅಷ್ಟೂ ದಿನ, ಕಿಂಚಿತ್ತೂ ಮಸುಕಿಲ್ಲದೆ ಕೊಡಬಲ್ಲವರು ಇವರೊಬ್ಬರೇ.

ಖಿಲ

ಗ್ರಂಥ ಮುಗಿಯುವ ಮುನ್ನ ಒಂದು ಹೊಸ ವಿಷಯ ಸೇರಿಸಬೇಕಾಗಿದೆ. ಮೆಟ್ರೊ ಮೂರನೆಯ ಹಂತಕ್ಕೆ ಕೇಂದ್ರ ಸಂಪುಟ 2024ರ ಆಗಸ್ಟಿನಲ್ಲಿ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಹೊಸಹಳ್ಳಿಯಿಂದ ಮಾಗಡಿ ರಸ್ತೆಗುಂಟ ಕಡಬಗೆರೆಯವರೆಗೆ ಹನ್ನೆರಡೂವರೆ ಕಿಲೋಮೀಟರಿನ ಎತ್ತರಿಸಿದ ಮಾರ್ಗವಿದೆ, ಒಂಬತ್ತು ನಿಲ್ದಾಣ, ಬ್ಯಾಡರಹಳ್ಳಿಯೂ ಒಂದು. ಕಂಬಗಳು ಎದ್ದು ಮುಗಿಯುವವರೆಗಿನ ವರ್ಷಗಳಲ್ಲಿ ಅನುಪಲಬ್ಧ ವರ್ಗ ಹೇಗೆ ಉಬ್ಬುತ್ತದೆಂದು ವಿವರಿಸಬೇಕಿಲ್ಲ. ಧೂಳಿಗೆ ಇನ್ನು ನಕ್ಷತ್ರವೂ ಬೇಕಾಗದು. ರಸ್ತೆಯ ಒಂದು ಬದಿಯ ತಾರಸಿಗಳಿಗೆ ಬೆಟ್ಟದ ಬದಲು ಮೇಲ್ಸೇತುವೆಯ ತೊಲೆ ಕಾಣುತ್ತದೆ. ಅದಾದ ಮೇಲೆ ಮಾತ್ರ ಬೀಗದ ಕೈ ಇಲ್ಲದವರೂ ಟಿಕೆಟ್ ಕೊಂಡು ಮಹಡಿಯೆತ್ತರದ ಪ್ಲಾಟ್‌ಫಾರಂ ಏರಿ ನಿಲ್ಲಬಹುದು. ಅಧಿಕಾರಿಯ ಲಕ್ಷಣವನ್ನು ಅಂದು ತಿದ್ದಬೇಕಾಗುತ್ತದೆ. ನಿಲ್ದಾಣದ ಪಶ್ಚಿಮದ ತುದಿ ತೆರೆದಿರುತ್ತದೋ ತಗಡು ಹೊದಿಸಿ ಜಾಹೀರಾತು ಅಂಟಿಸಿರುತ್ತಾರೋ ಎಂಬುದನ್ನು ನೋಡಿಕೊಂಡು ದೃಷ್ಟ ವರ್ಗವನ್ನು ಎರಡಾಗಿ ಒಡೆಯುವುದೋ ಹಾಗೇ ಇಟ್ಟುಕೊಳ್ಳುವುದೋ ಎಂದು ಪರಿಷ್ಕೃತ ಆವೃತ್ತಿಯಲ್ಲಿ ತೀರ್ಮಾನಿಸಲಾಗುವುದು.